ಅತ್ತೆಯವರ ಕೈಗೂ ಸಿಗಲಿ ರಿಮೋಟು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲೇ ನೋಡಿ, ಟೀವಿ ಮನೆಮಂದಿಗೆಲ್ಲ. ರಿಮೋಟು ಮಾತ್ರ ಕಣ್ಣು ಚೆನ್ನಾಗಿರುವವರಿಗೆ! ಕಣ್ಣು ಮಂಜಾದ ಅತ್ತೆಯವರು ಚಂದನದ ವಾರ್ತೆ ಕೇಳಬೇಕೆಂದರೆ ಮೊಮ್ಮಗ ಶಾಲೆಯಿಂದ ಬರೋ ತನಕ ಕಾಯಬೇಕೆ?

ಹೀಗೆ ಮಾಡಿ ನೋಡಿ. ಬಹಳಷ್ಟು ರಿಮೋಟುಗಳಲ್ಲಿ 5ರ ಗುಂಡಿಯ ಮೇಲೆ ಸಣ್ಣ ಉಬ್ಬು ಇರುತ್ತದೆ. ಅವರ ಬೆರಳು ಅಲ್ಲಿಡಿಸಿ, ಮೇಲೆ 2, ಕೆಳಗೆ 8, ಎಡಕ್ಕೆ 4, ಬಲಕ್ಕೆ 6 ಎಂದು ನಾಲ್ಕು ದಿನ ಹೇಳಿಕೊಡಿ. ಆನ್ ಮಾಡುವ ಗುಂಡಿಗೆ ಹರಳಿನ ಬೊಟ್ಟು ಅಂಟಿಸಿ. ಆಂಡ್ರಾಯ್ಡ್ ಟೀವಿಯಾದರೆ ಸೆಟ್ಟಿಂಗ್ಸಿನಲ್ಲಿ ‘ಟಾಕ್‌ಬ್ಯಾಕ್’ ಹಾಕಿ. ತೆರೆಯ ಮೇಲಿನ ಅಕ್ಷರಗಳನ್ನು ಅದೇ ಓದಿ ಹೇಳುತ್ತದೆ.

ಎಲ್ಲರೂ ಬಳಸಬಲ್ಲ ವಸ್ತುಗಳಿಗೆ ಸರ್ಕಾರ ಪ್ರೋತ್ಸಾಹ ಕೊಡಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೇಳಿದೆ. ಅದು ಅಂಗಡಿಗೆ ಬರುವಾಗ ಬರಲಿ. ಬೇಡಿ ಹಾಕಿಸಿಕೊಳ್ಳುವುದಕ್ಕೂ ತಾವೇ ಹಾಕಿಕೊಳ್ಳುವುದಕ್ಕೂ ಎಷ್ಟು ವ್ಯತ್ಯಾಸ, ನಿಮಗೆ ಗೊತ್ತಿಲ್ಲವೇ?