ಬಿಸಿನೀರು ನಡುವೆಯೇ ಮುಗಿದರೆ...

ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು ಗೃಹಿಣಿ; ಎಲ್ಲರಿಗಿಂತ ಕೊನೆಗೆ ಮೀಯುವವಳೂ ಬಹುಮಟ್ಟಿಗೆ ಅವಳೇ. ಗೀಸರಿನ ಬಿಸಿನೀರು ಮುಗಿಯುವುದೂ ಸರಿಯಾಗಿ ಅವಳ ಸರದಿ ಬಂದಾಗಲೇ! ಯಜಮಾನರು ಕಚೇರಿಗೆ ಹೊರಟಾಗಿದೆ, ಮಕ್ಕಳು ಶಾಲೆಗೆ ಹೋಗಿಯಾಗಿದೆ, ಕೀಲುನೋವಿನ ಅತ್ತೆಯವರಿಗೆ ಎರಡು ಬಕೆಟ್ ಬಿಸಿನೀರು ಸಂದಿದೆ. ಇನ್ನುಳಿದದ್ದು ಉಗುರುಬೆಚ್ಚಗಿನ ಅರ್ಧ ಬಕೆಟ್. “ಗೀಸರು ಚಿಕ್ಕದಾಯಿತು, ದೊಡ್ಡದನ್ನು ತರಬೇಕು” ಎಂಬ ತೀರ್ಪು ಒಡನೆಯೇ ಹೊರಬೀಳುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ ತಪ್ಪು ಗೀಸರಿನ ಗಾತ್ರದ್ದಲ್ಲ. ತಪ್ಪು ಬೇರೆಲ್ಲಿಯೋ ಅಡಗಿರುತ್ತದೆ. ಸಾವಿರಾರು ರೂಪಾಯಿ ಸುರಿಯುವ ಮುನ್ನ ಒಂದು ಬಕೆಟ್, ಒಂದು ಗಡಿಯಾರ ಹಿಡಿದು ಪರೀಕ್ಷಿಸಿ ನೋಡುವುದು ಜಾಣತನ.

ಹಂಡೆ ಕಲಿಸಿದ ಪಾಠ

ಭಟ್ಕಳ, ಹೊನ್ನಾವರ, ಕುಮಟೆಗಳ ಕಡೆ ಬಿಸಿನೀರೆಂದರೆ ಬಚ್ಚಲುಮನೆಯ ತಾಮ್ರದ ಹಂಡೆ. ನರಕಚತುರ್ದಶಿಯ ಹಿಂದಿನ ಸಂಜೆ ಹುಳಿ ಹಚ್ಚಿ ಉಜ್ಜಿ, ಹಿಂಡ್ಲೆಕಾಯಿಯ ಮಾಲೆ ತೊಡಿಸಿ, ನೀರು ತುಂಬಿ ಪೂಜಿಸುವ ಹಂಡೆ ಅದು. ಕೆಳಗೆ ತೆಂಗಿನ ಸೋಗೆ, ಕರಟ, ಅಡಕೆ ಸಿಪ್ಪೆಗಳ ಬೆಂಕಿ. ನೀರು ತೋಡಿಕೊಂಡವರು ಅಷ್ಟೇ ತಣ್ಣೀರನ್ನು ಹಂಡೆಗೆ ಹೊಯ್ದು, ಒಲೆಗೆ ಒಂದು ಸೌದೆ ದೂಡಿ ಬರುವುದು ಬಚ್ಚಲುಮನೆಯ ಶಿಸ್ತು. ಮುಂದಿನವರು ನೀರು ಕಾಯುವವರೆಗೆ ತಡೆಯಬೇಕೆಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗೀಸರಿನೊಳಗೆ ನಡೆಯುವುದೂ ಇದೇ ವ್ಯಾಪಾರ. ನಲ್ಲಿ ತಿರುಗಿಸಿದಾಗ ಕೆಳಗಿನಿಂದ ತಣ್ಣೀರು ಒಳನುಗ್ಗಿ, ಮೇಲಿರುವ ಬಿಸಿನೀರನ್ನು ಹೊರಗೆ ತಳ್ಳುತ್ತದೆ. ಹೊರಬಿದ್ದಷ್ಟೇ ತಣ್ಣೀರು ಒಳಸೇರುತ್ತದೆ. ಹಂಡೆಯಲ್ಲಿ ಕಣ್ಣಿಗೆ ಕಾಣುತ್ತಿದ್ದುದು ಇಲ್ಲಿ ಬಿಳಿಯ ಡಬ್ಬಿಯೊಳಗೆ ಮರೆಯಾಗಿದೆ, ಅಷ್ಟೆ.

ಮೊದಲು ಲೆಕ್ಕ, ಅನಂತರ ರಿಪೇರಿ

ತೊಟ್ಟಿಯ ನೀರಿನ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಳ್ಳೋಣ. ಮೀಯಲು ಹಿತವಾದುದು ಸುಮಾರು 40 ಡಿಗ್ರಿ. 25 ಲೀಟರಿನ ಗೀಸರು ನೀರನ್ನು 60 ಡಿಗ್ರಿಗೆ ಕಾಯಿಸಿದರೆ, ತಣ್ಣೀರು ಬೆರೆಸಿ ಸುಮಾರು 58 ಲೀಟರ್ ಸ್ನಾನದ ನೀರಾಗುತ್ತದೆ. ಎಂದರೆ ಮೂರು ಬಕೆಟ್. ಅದೇ ಗೀಸರಿನ ಉಷ್ಣನಿಯಂತ್ರಕವನ್ನು, ಅಂದರೆ ಥರ್ಮೋಸ್ಟಾಟನ್ನು, 45 ಡಿಗ್ರಿಗೆ ಇಳಿಸಿಟ್ಟರೆ ದೊರೆಯುವುದು 33 ಲೀಟರ್. ಎರಡು ಬಕೆಟ್ಟೂ ತುಂಬಲಾರದು. ಡಬ್ಬಿ ಅದೇ, ವಿದ್ಯುತ್ತು ಅದೇ, ತಿರುಪಿನ ಸ್ಥಾನ ಮಾತ್ರ ಬೇರೆ! ಬೇಸಗೆಯಲ್ಲಿ ಯಾರೋ ಇಳಿಸಿದ ತಿರುಪು ಮಾರ್ಗಶಿರದಲ್ಲೂ ಅಲ್ಲಿಯೇ ಉಳಿದಿರುವುದುಂಟು. ಆದುದರಿಂದ ಮೊದಲು ನೋಡಬೇಕಾದುದು ಇದನ್ನೇ. ಆದರೆ ಒಂದು ಎಚ್ಚರಿಕೆ: 60 ಡಿಗ್ರಿಯ ನೀರು ಕೆಲವೇ ಕ್ಷಣಗಳಲ್ಲಿ ಚರ್ಮವನ್ನು ಸುಡಬಲ್ಲದು. ಮಕ್ಕಳಿರುವ ಮನೆಯಲ್ಲಿ ಬಕೆಟ್ಟಿಗೆ ತಣ್ಣೀರು ಮೊದಲು, ಬಿಸಿನೀರು ಆಮೇಲೆ ಎಂಬುದು ನಿಯಮವಾಗಿರಬೇಕು.

ಷವರಿನಡಿ ನಿಲ್ಲುವ ತರುಣರೂ ಈ ಲೆಕ್ಕವನ್ನು ತಿಳಿಯಬೇಕು. ನಿಮಿಷಕ್ಕೆ 9 ಲೀಟರ್ ಸುರಿಸುವ ಷವರು ಆ 58 ಲೀಟರನ್ನು ಆರೂವರೆ ನಿಮಿಷಗಳಲ್ಲಿ ಬರಿದು ಮಾಡುತ್ತದೆ.

ಗಡಿಯಾರದ ಪರೀಕ್ಷೆ

25 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಏರಿಸಲು ಸುಮಾರು ಒಂದು ಯೂನಿಟ್ ವಿದ್ಯುತ್ತು ಬೇಕು. 2,000 ವ್ಯಾಟಿನ ಗೀಸರಿಗೆ ಇದು ಅರ್ಧ ಗಂಟೆಯ ಕೆಲಸ. ತಣ್ಣೀರು ತುಂಬಿರುವಾಗ ಸ್ವಿಚ್ ಹಾಕಿ, ದೀಪ ಆರುವವರೆಗೆ ಎಷ್ಟು ಹೊತ್ತಾಯಿತೆಂದು ಗುರುತಿಸಬೇಕು. ಹತ್ತೇ ನಿಮಿಷಕ್ಕೆ ದೀಪ ಆರಿ, ನೀರು ಉಗುರುಬೆಚ್ಚಗಿದ್ದರೆ ದೋಷ ಥರ್ಮೋಸ್ಟಾಟಿನದು. ಒಂದೋ ತಿರುಪು ಕೆಳಗಿದೆ, ಇಲ್ಲವೇ ಅದು ಕೆಟ್ಟಿದೆ. ಒಂದು ಗಂಟೆಯಾದರೂ ದೀಪ ಆರದಿದ್ದರೆ ವೋಲ್ಟೇಜನ್ನು ಅಳೆಯಿಸಬೇಕು.

ಶರಾವತಿಯ ವಿದ್ಯುದಾಗಾರ 1964ರಲ್ಲಿ ಕೆಲಸ ಆರಂಭಿಸಿತು. ಅದೇ ನದಿಯ ಕೆಳಹರಿವಿನಲ್ಲಿ, ಹೊನ್ನಾವರ ತಾಲೂಕಿನ ಗೇರುಸೊಪ್ಪೆಯಲ್ಲಿ, 240 ಮೆಗಾವ್ಯಾಟಿನ ಇನ್ನೊಂದು ವಿದ್ಯುದಾಗಾರವಿದೆ. ಆದರೇನು? ವಿದ್ಯುತ್ತು ಹುಟ್ಟುವ ಊರಿನ ನೆರೆಯಲ್ಲಿದ್ದರೂ ತಂತಿಯ ಕೊನೆಯ ಮನೆಗಳಲ್ಲಿ ವೋಲ್ಟೇಜು ಕುಸಿಯಬಹುದು. 230ರಲ್ಲಿರಬೇಕಾದ ವೋಲ್ಟೇಜು 180ಕ್ಕೆ ಇಳಿದರೆ 2,000 ವ್ಯಾಟಿನ ಗೀಸರು 1,225 ವ್ಯಾಟಿನದಾಗುತ್ತದೆ. ಅರ್ಧ ಗಂಟೆಯ ಕೆಲಸಕ್ಕೆ ಐವತ್ತು ನಿಮಿಷ ಹಿಡಿಯುತ್ತದೆ. ಇದಕ್ಕೆ ಹೊಸ ಗೀಸರು ಮದ್ದಲ್ಲ. ಇಪ್ಪತ್ತು ನಿಮಿಷ ಮುಂಚೆ ಸ್ವಿಚ್ ಹಾಕುವುದೇ ಮದ್ದು.

ಅದಲುಬದಲಾದ ಕೊಳವೆ, ನುಸುಳುವ ತಣ್ಣೀರು

ಮನೆಯ ರಿಪೇರಿ ಅಥವಾ ಸುಣ್ಣಬಣ್ಣ ಆದ ಮೇಲೆ ತೊಂದರೆ ಆರಂಭವಾಯಿತೇ? ಹಾಗಿದ್ದರೆ ಕೊಳವೆಗಳ ಮೇಲೆ ಅನುಮಾನ ಪಡಬೇಕು. ಗೋಡೆಗೆ ನಿಲ್ಲಿಸಿ ಕೂರಿಸಿದ ಗೀಸರಿನಲ್ಲಿ ಎರಡೂ ಕೊಳವೆಗಳು ಸಾಮಾನ್ಯವಾಗಿ ಕೆಳಗೇ ಇರುತ್ತವೆ. ನೀಲಿ ಗುರುತಿನದು ತಣ್ಣೀರಿಗೆ, ಕೆಂಪು ಗುರುತಿನದು ಬಿಸಿನೀರಿಗೆ. ಒಳಗೆ ಕೆಂಪು ಕೊಳವೆ ತೊಟ್ಟಿಯ ನೆತ್ತಿಯವರೆಗೆ ಏರಿ ಅಲ್ಲಿನ ಬಿಸಿನೀರನ್ನು ತರುತ್ತದೆ. ಇವು ಅದಲುಬದಲಾದರೆ ತಣ್ಣೀರು ನೆತ್ತಿಯ ಮೇಲೆ ಸುರಿದು ಬಿಸಿನೀರಿನೊಡನೆ ಬೆರೆತುಹೋಗುತ್ತದೆ. ಒಳಗಿನ ಕೊಳವೆ ಮುರಿದಿದ್ದರೂ ಪರಿಣಾಮ ಇದೇ.

ಇನ್ನೊಂದು ಕಳ್ಳದಾರಿ, ಬಿಸಿ-ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿ. ಅದರ ಒಳಭಾಗ ಸವೆದಿದ್ದರೆ ತಣ್ಣೀರು ಬಿಸಿನೀರಿನ ಕೊಳವೆಗೆ ನುಸುಳುತ್ತದೆ. ಇದರ ಪರೀಕ್ಷೆ ಸುಲಭ: ಗೀಸರಿನ ಸ್ವಿಚ್ ಆರಿಸಿ, ಅದಕ್ಕೆ ತಣ್ಣೀರು ಬರುವ ವಾಲ್ವನ್ನು ಮುಚ್ಚಿ, ಬಿಸಿನೀರಿನ ನಲ್ಲಿಯನ್ನು ತೆರೆಯಬೇಕು. ಸ್ವಲ್ಪ ಹರಿದು ನಿಂತರೆ ಸರಿ. ನಿಲ್ಲದೆ ಹರಿಯುತ್ತಲೇ ಇದ್ದರೆ ರೋಗ ನಲ್ಲಿಯಲ್ಲಿದೆ, ಗೀಸರಿನಲ್ಲಲ್ಲ. ಪರೀಕ್ಷೆಯ ತರುವಾಯ ವಾಲ್ವನ್ನು ತೆರೆದು, ನೀರು ತುಂಬಿದ ಮೇಲೆಯೇ ಸ್ವಿಚ್ ಹಾಕಬೇಕು.

ಕರಾವಳಿಯ ವಿಶೇಷ

ಬಯಲುಸೀಮೆಯ ಗಡಸು ನೀರು ಗೀಸರಿನೊಳಗೆ ಸುಣ್ಣದ ಪದರ ಕಟ್ಟಿಸುತ್ತದೆ. ಜಂಬಿಟ್ಟಿಗೆ ನೆಲದ ಕರಾವಳಿಯಲ್ಲಿ ತೊಂದರೆ ಬೇರೆ ಬಗೆಯದು: ಕೆಂಪು ಮಣ್ಣಿನ ಕೆಸರು ತೊಟ್ಟಿಯ ತಳಕ್ಕಿಳಿದು ಜಾಗ ಹಿಡಿಯುತ್ತದೆ. ಶರಾವತಿ, ಅಘನಾಶಿನಿಗಳ ಅಳಿವೆಯ ಬಳಿಯ ಬಾವಿಗಳಲ್ಲಿ ಬೇಸಗೆಯ ಹೊತ್ತಿಗೆ ನೀರು ಉಪ್ಪಾಗುವುದುಂಟು. ಉಪ್ಪುನೀರು ಲೋಹದ ತೊಟ್ಟಿಯನ್ನು ಬೇಗ ತಿನ್ನುತ್ತದೆ. ತೊಟ್ಟಿಯ ಬದಲಿಗೆ ತಾನು ಸವೆಯಲೆಂದು ಒಳಗೆ ಮೆಗ್ನೀಸಿಯಮ್ ಸರಳೊಂದನ್ನು ಇಟ್ಟಿರುತ್ತಾರೆ. ವರ್ಷಕ್ಕೊಮ್ಮೆ ತೊಟ್ಟಿಯನ್ನು ತೊಳೆಯಿಸಿ, ಸರಳು ಸವೆದಿದ್ದರೆ ಬದಲಾಯಿಸಬೇಕು. ಕಡಲಿನ ಗಾಳಿಗೆ ತಂತಿಯ ತುದಿಗಳೂ ಕಿಲುಬು ಹಿಡಿಯುತ್ತವೆ. ಅರ್ಥಿಂಗ್ ಸರಿಯಿದೆಯೇ ಎಂದು ಅದೇ ಸಮಯದಲ್ಲಿ ನೋಡಿಸುವುದು ಒಳ್ಳೆಯದು.

ಪ್ರಾಣದ ಪ್ರಶ್ನೆ

ನೀರು ತಣ್ಣಗಾದರೆ ನೆಗಡಿ ಬಂದೀತು. ಅಜಾಗರೂಕತೆಗೆ ಪ್ರಾಣವೇ ಹೋದೀತು. ಗೀಸರಿನ ಮುಚ್ಚಳ ತೆಗೆಯುವುದು ಮೆಕ್ಯಾನಿಕನ ಕೆಲಸ. ಅದೂ ಮೈನ್ ಸ್ವಿಚ್ ಆರಿಸಿದ ಮೇಲೆ. ನೀರು ತೊಟ್ಟಿಕ್ಕುತ್ತದೆಂದು ಸುರಕ್ಷಾ ವಾಲ್ವಿಗೆ ಬಿರಡೆ ಜಡಿಯಬಾರದು. ಒಳಗಿನ ಒತ್ತಡಕ್ಕೆ ಅದೊಂದೇ ದಾರಿ. ಬಿಸಿನೀರು ಸಾಲದೆಂದು ಗ್ಯಾಸ್ ಗೀಸರು ತರುವವರು ಇನ್ನಷ್ಟು ಎಚ್ಚರ ವಹಿಸಬೇಕು. ಕಿಟಕಿ ಮುಚ್ಚಿದ ಪುಟ್ಟ ಬಚ್ಚಲಿನಲ್ಲಿ ಅದು ಉರಿದರೆ ಕಾರ್ಬನ್ ಮೋನಾಕ್ಸೈಡ್ ಎಂಬ ವಿಷಾನಿಲ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತಿತೆಂದು ತಿಳಿಯುವಷ್ಟರಲ್ಲಿ ಬಾಗಿಲು ತೆರೆಯುವ ಶಕ್ತಿಯೇ ಉಳಿದಿರುವುದಿಲ್ಲ. ಇಂಥ ಸಾವುಗಳ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಆ ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಕೂರಿಸುವುದೇ ಕ್ಷೇಮ.

ಮಳೆಗಾಲದ ಜೊತೆಗಾರ

ಸೂರ್ಯನ ಬಿಸಿಲಿನಿಂದ ನೀರು ಕಾಯಿಸುವ ಸೋಲಾರ್ ಉಪಕರಣ ವರ್ಷದ ಹೆಚ್ಚಿನ ದಿನ ಖರ್ಚಿಲ್ಲದೆ ದುಡಿಯುತ್ತದೆ. ಆದರೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಕರಾವಳಿಯಲ್ಲಿ, ಜೂನಿನಿಂದ ಸೆಪ್ಟೆಂಬರಿನವರೆಗೆ ಅದನ್ನೊಂದನ್ನೇ ನಂಬಿದರೆ ಸಾಲದು. ಅಂಗಳದಲ್ಲಿ ತೆಂಗು, ಅಡಕೆಯಿರುವ ಮನೆಯವರು ಹಂಡೆಯನ್ನು ಗುಜರಿಗೆ ಹಾಕದಿರುವುದು ಲೇಸು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಅಡಿಗೆಯ ಒಲೆಯೊಡನೆ ಬಚ್ಚಲ ಒಲೆಯನ್ನೂ ಸುಧಾರಿಸಿ, ಕಡಿಮೆ ಸೌದೆಯಲ್ಲಿ ಹೆಚ್ಚು ನೀರು ಕಾಯುವಂತೆ ಮಾಡಿದ್ದು ಸುಮ್ಮನೆ ಅಲ್ಲ.

ಇಷ್ಟೆಲ್ಲ ಪರೀಕ್ಷಿಸಿದ ಮೇಲೂ ನೀರು ಸಾಲದಿದ್ದರೆ ದೊಡ್ಡ ಗೀಸರು ಕೊಳ್ಳಲು ಅಡ್ಡಿಯಿಲ್ಲ. ಅಲ್ಲಿಯವರೆಗೆ ಎರಡು ಸ್ನಾನಗಳ ನಡುವೆ ಅರ್ಧ ಗಂಟೆ ಬಿಟ್ಟು, ವಾರಕ್ಕೊಮ್ಮೆಯಾದರೂ ಸರದಿಯನ್ನು ತಿರುಗಿಸಿ ನೋಡಬೇಕು. ಯಜಮಾನರು ಒಂದು ಬೆಳಿಗ್ಗೆ ಕೊನೆಗೆ ಮಿಂದರೆ, ತಿಂಗಳುಗಳಿಂದ ಮುಂದೂಡಿದ ರಿಪೇರಿ ಅಂದೇ ಸಂಜೆ ಆಗಿಬಿಡುವ ಸಂಭವವುಂಟು!