ಮನೆಗೆ ಬಂದ ‘ನರ್ಸ್’ ನಿಜವಾಗಿ ನರ್ಸೇ?

ಹೋದ ವರ್ಷ ಶ್ರಾವಣದಲ್ಲಿ ನಮ್ಮ ಅತ್ತೆಯವರಿಗೆ ಲಕ್ವ ಹೊಡೆಯಿತು. ಎಂಬತ್ತೊಂದು ವರ್ಷ. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬರುವಾಗ ಮೂಗಿನಲ್ಲಿ ಊಟದ ಟ್ಯೂಬು, ಮಂಚದ ಪಕ್ಕದಲ್ಲಿ ಮೂತ್ರದ ಚೀಲ. ನನಗೆ ಬ್ಯಾಂಕಿನ ಕೆಲಸ, ನಮ್ಮ ಯಜಮಾನರ ರಜೆ ಮುಗಿದಿತ್ತು, ನಾದಿನಿ ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಮೈಸೂರಿನಲ್ಲಿ ನಮಗೆ ಬೇರೆ ದಿಕ್ಕಿರಲಿಲ್ಲ. ಆಸ್ಪತ್ರೆ ಎದುರಿನ ಮೆಡಿಕಲ್ ಶಾಪಿನಲ್ಲಿ ಇಟ್ಟಿದ್ದ ಕಾರ್ಡುಗಳಲ್ಲಿ ಒಂದನ್ನು ತಂದು ಫೋನ್ ಮಾಡಿದೆ.

“ಟ್ರೈನ್ಡ್ ನರ್ಸ್ ಕಳಿಸ್ತೀವಿ ಮೇಡಂ, ಇಪ್ಪತ್ನಾಲ್ಕು ಗಂಟೆ ಮನೇಲೇ ಇರ್ತಾರೆ. ನಮ್ಮದು ಲೈಸೆನ್ಸ್ ಇರೋ ಏಜೆನ್ಸಿ” ಅಂದರು. ತಿಂಗಳಿಗೆ 26,000 ರೂಪಾಯಿ, ಮೊದಲೇ 3,000 ನೋಂದಣಿ ಶುಲ್ಕ. ಚೌಕಾಸಿ ಮಾಡುವ ಸ್ಥಿತಿಯಲ್ಲಿ ನಾವಿರಲಿಲ್ಲ.

ಸಂಜೆ ಒಬ್ಬಳು ಹುಡುಗಿ ಬಂದಳು. ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು, ಗದಗದ ಕಡೆಯವಳು. ಬಿಳಿ ಕೋಟು, ಕೈಯಲ್ಲೊಂದು ಬ್ಯಾಗು. ಬಂದವಳೇ ಅತ್ತೆಯ ಹಾಸಿಗೆ ಬಟ್ಟೆ ಬದಲಿಸಿದಳು, ಮುಖ ಒರೆಸಿದಳು, ತಲೆ ಬಾಚಿದಳು. ನನಗೆ ಜೀವ ಬಂದ ಹಾಗಾಯಿತು.

ರಾತ್ರಿ ಎಂಟಕ್ಕೆ ಟ್ಯೂಬಿನಲ್ಲಿ ರಾಗಿ ಗಂಜಿ ಹಾಕಬೇಕು. ಅತ್ತೆ ಅಂಗಾತ ಮಲಗಿದ್ದ ಹಾಗೆಯೇ ಹುಡುಗಿ ಸಿರಿಂಜಿಗೆ ಗಂಜಿ ತುಂಬಿ ಸುರಿಯಲು ಶುರು ಮಾಡಿದಳು. ಅತ್ತೆಗೆ ಕೆಮ್ಮು ಬಂತು, ಮುಖ ಕೆಂಪಾಯಿತು. ಅದೃಷ್ಟಕ್ಕೆ ಪಕ್ಕದ ಮನೆಯ ಆಂಟಿ ನೋಡಲು ಬಂದಿದ್ದರು. ಅವರು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿ ನಿವೃತ್ತರಾದವರು. “ಏಯ್, ನಿಲ್ಲಿಸು! ತಲೆ ಎತ್ತಿಸದೆ ಹಾಕ್ತಾರಾ?” ಅಂತ ಕೂಗಿ ಸಿರಿಂಜ್ ಕಿತ್ತುಕೊಂಡರು. ಬೆನ್ನಿಗೆ ದಿಂಬು ಕೊಟ್ಟು ಅರ್ಧ ಕೂರಿಸಿದರು. ಟ್ಯೂಬು ಹೊಟ್ಟೆಯಲ್ಲೇ ಇದೆಯಾ ಅಂತ ನೋಡಿ ನಿಧಾನ ಹಾಕಿ ತೋರಿಸಿದರು. ಆಮೇಲೂ ಅರ್ಧ ಗಂಟೆ ಮಲಗಿಸಬಾರದು ಅಂದರು. ಮಲಗಿಸಿಕೊಂಡು ಹಾಕಿದರೆ ಗಂಜಿ ಮೇಲಕ್ಕೆ ಉಕ್ಕಿ ಶ್ವಾಸಕೋಶಕ್ಕೆ ಇಳಿಯುತ್ತದಂತೆ, ನ್ಯುಮೋನಿಯಾ ಆಗಿ ಜೀವಕ್ಕೇ ಬರುತ್ತದಂತೆ. ಆಸ್ಪತ್ರೆಯಲ್ಲಿ ನನಗೂ ಇದನ್ನು ಹೇಳಿದ್ದರು. ‘ನರ್ಸ್ ಬರ್ತಾರಲ್ಲ’ ಅಂತ ನಾನು ಅರ್ಧ ಕಿವಿಯಲ್ಲಿ ಕೇಳಿಸಿಕೊಂಡಿದ್ದೆ.

ಹುಡುಗಿ ಅಡುಗೆಮನೆಯ ಮೂಲೆಯಲ್ಲಿ ಅಳುತ್ತಿದ್ದಳು. “ಅಕ್ಕಾರ, ನಾ ನರ್ಸ್ ಅಲ್ರೀ. ಎಸ್ಸೆಸ್ಸೆಲ್ಸಿ ಆಗೇತಿ ಅಷ್ಟ. ಮೊದ್ಲ ಗಾರ್ಮೆಂಟ್ಸ್‌ನ್ಯಾಗ ಇದ್ನಿ. ಕೇಳಿದ್ರ ನರ್ಸ್ ಅಂತ ಹೇಳು ಅಂದಾರ ಆಫೀಸ್ನ್ಯಾಗ.”

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಫೋನಿನಲ್ಲಿ ‘ಲೈಸೆನ್ಸ್ ಇದೆ’ ಅಂದವರ ಮೇಲೆ ಬಂತು. ಮಾರನೇ ದಿನ ಬೆಳಿಗ್ಗೆಯೇ ಕೇಳಿದೆ: ಯಾವ ಲೈಸೆನ್ಸ್? ವಾಟ್ಸಾಪಿನಲ್ಲಿ ಒಂದು ಫೋಟೊ ಬಂತು. ಬ್ಯಾಂಕಿನಲ್ಲಿ ಇಪ್ಪತ್ತಾರು ವರ್ಷ ಸಾಲದ ಕಾಗದಪತ್ರ ನೋಡಿದ ಕಣ್ಣು ನನ್ನದು, ನೋಡಿದ ಕೂಡಲೇ ಗೊತ್ತಾಯಿತು. ಅದು ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ನೋಂದಣಿ ಪತ್ರ. ನಮ್ಮ ರಸ್ತೆಯ ಬೇಕರಿ ಗೋಡೆಯ ಮೇಲೂ ಅದೇ ನೇತಾಡುತ್ತಿದೆ. ಇಂತಲ್ಲಿ ಒಂದು ಕಚೇರಿ ಇದೆ, ಇಷ್ಟು ಜನ ಕೆಲಸಕ್ಕಿದ್ದಾರೆ ಅಂತ ಕಾರ್ಮಿಕ ಇಲಾಖೆಗೆ ತಿಳಿಸಿದ್ದಕ್ಕೆ ಸಿಗುವ ಕಾಗದ ಅದು. ರೋಗಿಯ ಆರೈಕೆ ಮಾಡಲು ಬರುತ್ತದೋ ಇಲ್ಲವೋ ಎನ್ನುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. (ಆ ಕಾಯ್ದೆಯಲ್ಲಿ ವಾರದ ರಜೆ ಅಂತಲೂ ಒಂದಿದೆ. ಅದನ್ನು ಆಮೇಲೆ ಹೇಳುತ್ತೇನೆ.)

ಹಾಗಾದರೆ ಯಾವ ಲೈಸೆನ್ಸ್ ಇರಬೇಕಿತ್ತು? ಇಲ್ಲೇ ನಾನು ತಬ್ಬಿಬ್ಬಾದದ್ದು.

ನಮ್ಮ ರಾಜ್ಯದಲ್ಲಿ ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳಿಗೆ ಇರುವುದು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007. ಕೆಪಿಎಂಇ ಅಂತ ಬೋರ್ಡಿನ ಮೇಲೆ ನೋಡಿರುತ್ತೀರಿ. ಆಸ್ಪತ್ರೆ, ನರ್ಸಿಂಗ್ ಹೋಮ್, ಲ್ಯಾಬು, ಸ್ಕ್ಯಾನಿಂಗ್ ಸೆಂಟರು, ಹೆರಿಗೆ ಆಸ್ಪತ್ರೆ, ಫಿಸಿಯೋಥೆರಪಿ ಕೇಂದ್ರ ಎಲ್ಲವನ್ನೂ ಅದರ ವ್ಯಾಖ್ಯೆ ಹೆಸರು ಹಿಡಿದು ಹೇಳುತ್ತದೆ. ಕೊನೆಯಲ್ಲಿ ‘ಯಾವ ಹೆಸರಿನಿಂದಲೇ ಕರೆದರೂ’ ಜನರಿಗೆ ತಪಾಸಣೆ, ಚಿಕಿತ್ಸೆ ಕೊಡುವ ಇತರ ಸಂಸ್ಥೆಗಳೂ ಸೇರುತ್ತವೆ ಎನ್ನುವ ಅರ್ಥದ ಮಾತಿದೆ. ಆದರೆ ಮನೆಗೆ ಆಳು ಕಳಿಸುವ ಬ್ಯೂರೋ ಎಂಬ ಹೆಸರು ಅಲ್ಲಿಲ್ಲ. ಹಾಗಾಗಿ ಡಾಕ್ಟರು, ನರ್ಸ್ ಇಟ್ಟುಕೊಂಡು ಮನೆಯಲ್ಲೇ ಡ್ರಿಪ್, ಇಂಜೆಕ್ಷನ್, ಗಾಯದ ಡ್ರೆಸ್ಸಿಂಗ್ ಮಾಡುವ ಕಂಪನಿಯನ್ನು ‘ನಿಮ್ಮ ಕೆಪಿಎಂಇ ನೋಂದಣಿ ಸಂಖ್ಯೆ ಏನು?’ ಅಂತ ಧಾರಾಳವಾಗಿ ಕೇಳಬಹುದು. ‘ನಾವು ಬರೀ ಅಟೆಂಡರ್ ಕಳಿಸ್ತೀವಿ’ ಅನ್ನುವವರು ಮಾತ್ರ ಬೆರಳ ಸಂದಿಯಲ್ಲಿ ಜಾರಿಹೋಗುತ್ತಾರೆ. ಮಾರುವಾಗ ‘ನರ್ಸ್’, ಕಾನೂನು ಕೇಳಿದಾಗ ‘ಅಟೆಂಡರ್’. ನಮಗೆ ಆಗಿದ್ದೂ ಇದೇ.

ಈಗ ನಮ್ಮ ಅಪಾರ್ಟ್‌ಮೆಂಟ್ ಗೇಟಿಗೆ ಬನ್ನಿ. ಅಲ್ಲಿ ಕೂರುವ ವಾಚ್‌ಮನ್ ಅಣ್ಣನನ್ನು ಕಳಿಸುವ ಏಜೆನ್ಸಿಗೆ ಲೈಸೆನ್ಸ್ ಕಡ್ಡಾಯ. ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ ಬಂದಿದ್ದು 2005ರಲ್ಲಿ. ಪೊಲೀಸ್ ಪರಿಶೀಲನೆ ಆಗಬೇಕು, ತರಬೇತಿ ಆಗಬೇಕು. ಕೇಂದ್ರದ ಮಾದರಿ ನಿಯಮದಲ್ಲಿ 100 ಗಂಟೆ ಪಾಠ, 60 ಗಂಟೆ ಪ್ರಾಯೋಗಿಕ ತರಬೇತಿ ಅಂತ ಬರೆದಿದೆ. ಗೇಟು ಕಾಯುವವರಿಗೆ ಇಷ್ಟೆಲ್ಲ ಇದೆ. ಗೇಟು ದಾಟಿ ಒಳಗೆ ಬಂದು, ಮಾತಾಡಲೂ ಆಗದ ಅಜ್ಜಿಯ ಪಕ್ಕ ರಾತ್ರಿಯೆಲ್ಲ ಇರುವವರನ್ನು ಕಳಿಸುವ ಏಜೆನ್ಸಿಗೆ ಅಂಗಡಿಯ ಕಾಗದ ಸಾಕು! ನನಗಂತೂ ಇದು ಅರಗುತ್ತಿಲ್ಲ.

ಸರ್ಕಾರಕ್ಕೆ ಇದು ಹೊಳೆದಿಲ್ಲ ಅಂತೇನಿಲ್ಲ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಗೆ ತಿದ್ದುಪಡಿ ತರಲು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಸೂದೆ ಮಂಡಿಸಿದ್ದರು. ಮನೆ ಆರೈಕೆ ಕೊಡುವ ಸಂಸ್ಥೆಗಳಿಗೂ ಷರತ್ತು, ತರಬೇತಿ ಮತ್ತು ಪ್ರಮಾಣಪತ್ರ ಇರುವ ಸಹಾಯಕರು ಬೇಕು ಎನ್ನುವುದು ಅದರಲ್ಲಿತ್ತು. ಮಸೂದೆ ಪಾಸಾಗಲಿಲ್ಲ. 2024ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಅದೂ ಮುಗಿಯಿತು.

ನಾದಿನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ “ಅತ್ತಿಗೆ, ಇಲ್ಲಿ ಅಂಥವರಿಗೂ ಲೈಸೆನ್ಸ್ ಬೇಕು ಕಣ್ರೀ” ಅಂದಳು. ಕ್ಯಾಲಿಫೋರ್ನಿಯಾದಲ್ಲಿ ಎರಡು ದಾರಿ ಬೇರೆ ಬೇರೆ. ನರ್ಸಿಂಗ್, ಚಿಕಿತ್ಸೆ ಕೊಡುವ ಏಜೆನ್ಸಿಗೆ ಆರೋಗ್ಯ ಇಲಾಖೆಯ ಲೈಸೆನ್ಸ್. ಸ್ನಾನ, ಊಟ, ಓಡಾಟಕ್ಕೆ ನೆರವಾಗುವವರನ್ನು ಕಳಿಸುವ ಏಜೆನ್ಸಿಗೆ ಸಮಾಜ ಸೇವಾ ಇಲಾಖೆಯ ಲೈಸೆನ್ಸ್. ಈ ಎರಡನೆಯದು ಅಲ್ಲೂ 2016ರಿಂದ ಬಂದದ್ದು. ಕೆಲಸಕ್ಕೆ ಬರುವವರು ಬೆರಳಚ್ಚು ಕೊಟ್ಟು, ಹಿನ್ನೆಲೆ ಪರಿಶೀಲನೆ ಆಗಿ, ಸರ್ಕಾರದ ಪಟ್ಟಿಯಲ್ಲಿ ಹೆಸರು ಸೇರಿಸಿಕೊಳ್ಳಬೇಕು. ಮನೆಯವರು ಆ ಪಟ್ಟಿಯನ್ನು ಕಂಪ್ಯೂಟರಿನಲ್ಲೇ ನೋಡಬಹುದು. ಅಮೆರಿಕದ್ದೆಲ್ಲ ಚೆನ್ನ ಅಂತ ನಾನು ಹೇಳುತ್ತಿಲ್ಲ, ಅಲ್ಲಿ ಗಂಟೆಯ ಲೆಕ್ಕದಲ್ಲಿ ಕೊಡುವ ದುಡ್ಡು ಕೇಳಿ ನನಗೇ ತಲೆ ಸುತ್ತಿತು. ಆದರೆ ನರ್ಸ್ ಬೇರೆ, ಸಹಾಯಕಿ ಬೇರೆ, ಇಬ್ಬರನ್ನು ಕಳಿಸುವವರಿಗೂ ಸರ್ಕಾರದ ಕಣ್ಣು ಬೇಕು ಎನ್ನುವ ವಿಂಗಡಣೆ ಸರಿಯಾಗಿದೆ ಅನ್ನಿಸಿತು.

ನಮ್ಮಲ್ಲಿ ಏಜೆನ್ಸಿಯ ವಿಷಯ ಮಸುಕಾಗಿದ್ದರೂ ನರ್ಸ್ ವಿಷಯ ಸ್ಪಷ್ಟವಾಗಿಯೇ ಇದೆ. ಎಎನ್‌ಎಂ ಎರಡು ವರ್ಷ, ಜಿಎನ್‌ಎಂ ಮೂರು ವರ್ಷ, ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಓದು ಮುಗಿಸಿದವರು ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು, ನೋಂದಣಿ ಸಂಖ್ಯೆ ಸಿಗುತ್ತದೆ. ಬಿಳಿ ಕೋಟು ಯಾವ ಅಂಗಡಿಯಲ್ಲಾದರೂ ಸಿಗುತ್ತೆ, ಈ ಸಂಖ್ಯೆ ಸಿಗಲ್ಲ. ಕೇಳಿದರೆ ನಿಜವಾದ ನರ್ಸ್ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಪಕ್ಕದ ಮನೆ ಆಂಟಿಯೇ “ಕೇಳಬೇಕು ಕಣಮ್ಮ, ನಾವು ಅಷ್ಟು ಕಷ್ಟಪಟ್ಟು ಓದಿಲ್ವಾ?” ಅಂದರು. ಇದರ ಕೆಳಗೆ ಹೋಮ್ ಹೆಲ್ತ್ ಏಡ್, ಜನರಲ್ ಡ್ಯೂಟಿ ಅಸಿಸ್ಟೆಂಟ್ ಅಂತ ಕೌಶಲ ತರಬೇತಿಯ ಚಿಕ್ಕ ಕೋರ್ಸುಗಳಿವೆ. ಅದು ನರ್ಸಿಂಗ್ ಅಲ್ಲ, ಆದರೆ ಮನೆಯಲ್ಲಿ ಬೇಕಾಗುವ ಬಹಳಷ್ಟು ಕೆಲಸಕ್ಕೆ ಅವರೇ ಸರಿ.

ನಿಜ ಹೇಳಬೇಕೆಂದರೆ ಎಲ್ಲ ಮನೆಗೂ ನರ್ಸ್ ಬೇಕಿಲ್ಲ. ಮೈ ಒರೆಸುವುದು, ಡೈಪರ್ ಬದಲಿಸುವುದು, ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಕೈಹಿಡಿದು ನಡೆಸುವುದು ಸಹಾಯಕಿಯ ಕೆಲಸ. ಇಂಜೆಕ್ಷನ್, ಡ್ರಿಪ್, ಕಫ ಎಳೆಯುವುದು, ಟ್ಯೂಬು ಅಥವಾ ಕ್ಯಾತಿಟರ್ ಬದಲಿಸುವುದು, ಆಳವಾದ ಹುಣ್ಣಿನ ಡ್ರೆಸ್ಸಿಂಗ್ ನರ್ಸ್ ಕೆಲಸ. ಇರುವ ಟ್ಯೂಬಿನಲ್ಲಿ ಗಂಜಿ ಹಾಕುವುದು ಎರಡರ ನಡುವಿನದು. ಸರಿಯಾಗಿ ಕಲಿಸಿಕೊಟ್ಟರೆ ಮನೆಯವರೂ ಮಾಡುತ್ತಾರೆ. ಏಜೆನ್ಸಿಗೆ ಫೋನ್ ಮಾಡುವ ಮೊದಲು ಡಿಸ್ಚಾರ್ಜ್ ಚೀಟಿ ಹಿಡಿದು ಡಾಕ್ಟರನ್ನೇ ‘ಇದರಲ್ಲಿ ಯಾವುದನ್ನು ಯಾರು ಮಾಡಬೇಕು’ ಅಂತ ಕೇಳಿ ಬರೆದುಕೊಳ್ಳಿ. ನಾನು ಮಾಡದೇ ಹೋದದ್ದು ಅದನ್ನೇ.

ನಾವು ಕೊನೆಗೆ ಹುಡುಗಿಯನ್ನು ಕಳಿಸಲಿಲ್ಲ. ಸಹಾಯಕಿ ಅಂತಲೇ ಇಟ್ಟುಕೊಂಡೆವು. ಆಂಟಿ ಒಂದು ವಾರ ಪಕ್ಕದಲ್ಲಿ ನಿಂತು ಗಂಜಿ ಹಾಕುವುದನ್ನು ಅವಳಿಗೂ ನನಗೂ ಕಲಿಸಿದರು. ಕ್ಯಾತಿಟರ್‌ಗೆ, ಟ್ಯೂಬಿಗೆ ಆಸ್ಪತ್ರೆಯ ಮೂಲಕ ನೋಂದಾಯಿತ ನರ್ಸ್ ಒಬ್ಬರು ಬಂದು ಹೋಗುವ ಏರ್ಪಾಡಾಯಿತು. ಏಜೆನ್ಸಿಗೆ ‘ನರ್ಸ್ ಅಂತ ಹೇಳಿ ಸಹಾಯಕಿಯನ್ನು ಕಳಿಸಿದ್ದೀರಿ, ದರ ಇಳಿಸಿ, ಇಲ್ಲವಾದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ’ ಅಂತ ಇಮೇಲ್ ಬರೆದೆ. ದುಡ್ಡು ಕೊಟ್ಟು ಪಡೆದ ಸೇವೆ ತಾನೇ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದಕ್ಕೂ ಅನ್ವಯಿಸುತ್ತದೆ. ಗ್ರಾಹಕರ ಸಹಾಯವಾಣಿ 1915, ಹಿರಿಯ ನಾಗರಿಕರ ಸಹಾಯವಾಣಿ 14567. ಎರಡನ್ನೂ ಫ್ರಿಜ್ ಮೇಲೆ ಅಂಟಿಸಿಕೊಳ್ಳಿ. ಎರಡೇ ದಿನದಲ್ಲಿ 26,000 ಹೋಗಿ 20,000 ಆಯಿತು.

ಸಂಜೆ ನೋಡಿದರೆ ಹುಡುಗಿಯ ಮುಖ ಬಾಡಿತ್ತು. ಅವಳಿಗೆ ಬರುತ್ತಿದ್ದದ್ದು 12,500, ಇನ್ನು ಮೇಲೆ 11,000 ಅಂತ ಹೇಳಿದ್ದರಂತೆ. ನನ್ನ ಗೆಲುವನ್ನು ಅವಳ ಸಂಬಳದಲ್ಲಿ ಕಡಿದಿದ್ದರು. ಮತ್ತೆ ಜಗಳ. ಈ ಸಲ ಬಾಯಿಮಾತು ಬಿಟ್ಟು ಒಪ್ಪಂದವನ್ನೇ ಬರೆಸಿದೆ: ಅವಳ ಸಂಬಳ ಕಡಿಮೆ ಮಾಡಬಾರದು, ವಾರಕ್ಕೊಂದು ರಜೆ, ರಾತ್ರಿ ಇಷ್ಟು ಹೊತ್ತು ನಿದ್ದೆ, ಅವಳು ಊರಿಗೆ ಹೋದರೆ ಬದಲಿಗೆ ಯಾರು, ಮನೆಯ ಪಾತ್ರೆ ಬಟ್ಟೆ ಅವಳ ಕೆಲಸವಲ್ಲ, ಪೊಲೀಸ್ ಪರಿಶೀಲನೆಯ ಪ್ರತಿ ನಮಗೆ ಕೊಡಬೇಕು. ವಾರದ ರಜೆಯ ಬಗ್ಗೆ ಅವರು ಕೊಸರಾಡಿದಾಗ ಅವರೇ ಕಳಿಸಿದ್ದ ಅಂಗಡಿ ಕಾಯ್ದೆಯ ಫೋಟೊವನ್ನು ಅವರಿಗೇ ವಾಪಸ್ ಕಳಿಸಿದೆ. ಆಮೇಲೆ ಮಾತಿಲ್ಲ.

ನಮ್ಮಲ್ಲಿ ಕೆಲವರು ಇದಕ್ಕೆ ನಕ್ಕರು, “ಆಳಿಗೂ ಅಗ್ರಿಮೆಂಟಾ?” ಅಂತ. ಇಪ್ಪತ್ನಾಲ್ಕು ಗಂಟೆ ಅಂದರೆ ನಿದ್ದೆಯೇ ಇಲ್ಲ ಅಂತ ತಿಳಿದವರ ಮನೆಗಳನ್ನು ನಾನು ನೋಡಿದ್ದೇನೆ. ನಿದ್ದೆಗೆಟ್ಟ ಕೈಯಿಂದ ಮೂಗಿನ ಟ್ಯೂಬಿಗೆ ಗಂಜಿ ಹಾಕಿಸಿಕೊಳ್ಳುವುದು ನಮ್ಮ ಮನೆಯ ಹಿರಿಯರೇ ಅಲ್ವಾ?

ಕಾರ್ತಿಕದಲ್ಲಿ ಅತ್ತೆಯವರ ಟ್ಯೂಬು ತೆಗೆದರು. ಮೊದಲ ತುತ್ತು ಮೆತ್ತಗೆ ಕಲಸಿದ ಅನ್ನ, ತಿಳಿಸಾರು. ತಿನ್ನಿಸಿದ್ದು ಹುಡುಗಿಯೇ, ಅದೂ ಎರಡು ದಿಂಬು ಕೊಟ್ಟು ನೆಟ್ಟಗೆ ಕೂರಿಸಿಕೊಂಡು. ಅತ್ತೆಯವರ ಬಲಗೈ ಇನ್ನೂ ಸ್ವಾಧೀನಕ್ಕೆ ಬಂದಿಲ್ಲ. ಎಡಗೈಯಲ್ಲಿ ಅವಳ ಜಡೆ ಹಿಡಿದುಕೊಂಡು ಉಣ್ಣುತ್ತಾರೆ.

ಮೊನ್ನೆ ಭಾನುವಾರ ರಜೆ ಮುಗಿಸಿ ಬಂದವಳು ಒಂದು ಕರಪತ್ರ ತಂದು ನನ್ನ ಮುಂದಿಟ್ಟಳು. ಹೋಮ್ ಹೆಲ್ತ್ ಏಡ್ ತರಬೇತಿ, ಸಂಜೆ ತರಗತಿ, ಕೊನೆಗೆ ಸರ್ಟಿಫಿಕೇಟ್ ಅಂತ ದಪ್ಪ ಅಕ್ಷರದಲ್ಲಿತ್ತು. “ಅಕ್ಕಾರ, ದುಡ್ಡು ಕಟ್ಟೂಕಿಂತ ಮೊದ್ಲ ಇವರದು ಖರೇ ಐತೋ ಇಲ್ಲೋ ಸ್ವಲ್ಪ ನೋಡ್ರಿ” ಅಂದಳು. ನಾನು ಕನ್ನಡಕ ಹಾಕಿಕೊಂಡು ಕೂತೆ.