ಕಾಗುಣಿತದ ಹೊಸ್ತಿಲಲ್ಲಿ ನಿಂತುಹೋದ ಆಟ

ವಿಜಯಪುರದ ಸುತ್ತಮುತ್ತ ಓಡಾಡುವ ಬಸ್ಸುಗಳ ಬೋರ್ಡನ್ನೇ ಒಂದನೇ ತರಗತಿಯ ಪಾಠ ಎಂದುಕೊಳ್ಳೋಣ. ‘ವಿಜಯಪುರ’ದಲ್ಲಿ ಒಂದು ಗುಡಿಸು, ಒಂದು ಕೊಂಬು, ಉಳಿದ ಮೂರೂ ಸಾದಾ ಅಕ್ಷರ. ‘ತಿಕೋಟಾ’ದಲ್ಲಿ ಮೂರಕ್ಕೆ ಮೂರೂ ಗುಣಿತಾಕ್ಷರ. ‘ಜೈನಾಪುರ’ ಓದಬೇಕಾದರೆ ಐತ್ವ ಗೊತ್ತಿರಬೇಕು, ‘ಬಬಲೇಶ್ವರ’ಕ್ಕೆ ಶಕಾರದ ಕೆಳಗಿನ ವಕಾರದ ಒತ್ತು ತಿಳಿದಿರಬೇಕು. ವರ್ಣಮಾಲೆಯ 49 ಅಕ್ಷರಗಳನ್ನು ತಡವರಿಸದೆ ಒಪ್ಪಿಸುವ ಮಗುವಿಗೂ ಅಷ್ಟರಿಂದಲೇ ಈ ನಾಲ್ಕು ಬೋರ್ಡುಗಳಲ್ಲಿ ಒಂದನ್ನೂ ಪೂರ್ತಿ ಓದಲು ಬರುವುದಿಲ್ಲ. ಅಂಗಡಿಯಲ್ಲಿ ಸಿಗುವ ಅಕ್ಷರದ ಚಾರ್ಟು, ಬಣ್ಣದ ಕಾರ್ಡು, ಪ್ಲಾಸ್ಟಿಕ್ ಅಕ್ಷರಗಳೆಲ್ಲ ಬಹುಮಟ್ಟಿಗೆ ಆ 49ರ ಸುತ್ತಲೇ ಇರುತ್ತವೆ. ಕನ್ನಡದ ಓದು ಕಷ್ಟವಾಗುವುದು ಅಲ್ಲಿಂದಾಚೆಗೆ. ಆಟ ಹೆಚ್ಚು ಬೇಕಾಗಿರುವುದೂ ಆಚೆಗೇ.

ಆಟದ ಮೂಲಕ ಅಕ್ಷರ ಕಲಿಸುವುದು ಕರ್ನಾಟಕಕ್ಕೆ ಹೊಸದೇನಲ್ಲ. ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿ ಶಾಲೆಯ ಪ್ರಯೋಗದಿಂದ ಪ್ರೇರಣೆ ಪಡೆದ ‘ನಲಿ-ಕಲಿ’ 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಯಿತು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗಳಿಗೆ ಬಂತು, ಆಮೇಲೆ ಮೂರನೆಯದಕ್ಕೂ ವಿಸ್ತರಿಸಿತು. ಗೋಡೆಯ ಮೇಲೆ ಕಲಿಕಾ ಏಣಿ, ಮಕ್ಕಳ ಕೈಯಲ್ಲಿ ಕಾರ್ಡು, ತಲೆಯ ಮೇಲೆ ಅವರದೇ ಚಿತ್ರ-ಬರಹ ತೂಗುವ ಚಪ್ಪರ, ಕೈಗೆಟುಕುವ ಎತ್ತರದಲ್ಲಿ ಬರೆಯಲು ಕಪ್ಪು ಗೋಡೆ. ಇದರಲ್ಲಿ ನನಗೆ ಎಲ್ಲಕ್ಕಿಂತ ಜಾಣ ಉಪಾಯವೆನಿಸುವುದು ಅಕ್ಷರಗಳ ಕ್ರಮ. ನಲಿ-ಕಲಿ ಶುರುವಾಗುವುದು ರ, ಗ, ಸ, ದ, ಅ ಎಂಬ ಐದರಿಂದ. ಐದು ಕಲಿತ ಮಗು ಅರಸ, ಅಗಸ, ಸರ, ಗರಗಸ ಓದುತ್ತದೆ. ಮುಂದಿನ ಜ, ವ, ಮ, ಬ, ನ ಸೇರಿದರೆ ಮರ, ದನ, ಜನ, ನಗರ. ಬಸವನ ಬಾಗೇವಾಡಿ ಇರುವ ವಿಜಯಪುರ ಜಿಲ್ಲೆಯಲ್ಲಿ ಮನೆಮನೆಗೂ ಗೊತ್ತಿರುವ ‘ಬಸವ’ ಕೂಡ. ಹತ್ತೇ ಅಕ್ಷರಕ್ಕೆ ಮಗು ಓದುಗನಾಗುತ್ತದೆ. ಕೈಗೂ ಲಾಭವಿದೆ: ‘ವ’ ಬರೆಯಲು ಪಳಗಿದ ಬೆರಳಿಗೆ ‘ಮ’ ದೂರದ ಮಾತಲ್ಲ.

ವರ್ಣಮಾಲೆಯ ಕ್ರಮ ಬಿಟ್ಟದ್ದಕ್ಕೆ ಪಾಲಕರಿಂದ ಆಕ್ಷೇಪ ಬರುವುದು ಸಹಜ. ಗಂಟಲಿಂದ ತುಟಿಯವರೆಗೆ ದನಿ ಹುಟ್ಟುವ ಜಾಗ ನೋಡಿ ಸಾಲು ಹಚ್ಚಿದ ಅಂಥ ಶಾಸ್ತ್ರೀಯ ಜೋಡಣೆಯನ್ನು ಕೆಡಿಸುವುದೇಕೆ ಎಂಬ ಪ್ರಶ್ನೆಯಲ್ಲಿ ಹುರುಳಿದೆ. ಆದರೆ ಆ ಜೋಡಣೆಯ ಸೊಗಸು ಕಾಣುವುದು ಅಕ್ಷರಗಳೆಲ್ಲ ಬಂದಮೇಲೆ. ಅದೇ ಕ್ರಮದಲ್ಲಿ ವ್ಯಂಜನ ಕಲಿಸಿದರೆ ಐದನೆಯದಾಗಿ ಙ, ಹತ್ತನೆಯದಾಗಿ ಞ ಎದುರಾಗುತ್ತವೆ. ಅವುಗಳಿಂದ ಶುರುವಾಗುವ ಒಂದು ಮಾತೂ ಮಗುವಿನ ಬಾಯಲ್ಲಿಲ್ಲ. ದನಿಯ ಮೂಲಕ ಓದು ಕಲಿಸುವ ಇಂಗ್ಲಿಷಿನ ಫೋನಿಕ್ಸ್ ಪಾಠಗಳೂ ಎ, ಬಿ, ಸಿ ಕ್ರಮವನ್ನು ಬದಿಗಿಟ್ಟು ಎಸ್, ಎ, ಟಿ, ಪಿ, ಐ, ಎನ್‌ಗಳಿಂದ ಹೊರಡುವುದು ಇದೇ ಕಾರಣಕ್ಕೆ: ಆ ಆರರಿಂದ ಬೇಗ ಬಹಳ ಪದ ಕಟ್ಟಬಹುದು. ವರ್ಣಮಾಲೆಯನ್ನು ಎರಡನೇ ವರ್ಷ ಹಾಡಾಗಿ ಕಲಿತರೆ ಅದರ ಮರ್ಯಾದೆಗೇನೂ ಕುಂದಿಲ್ಲ.

ಹಾಗೆಂದು ಇಂಗ್ಲಿಷಿನ ಫೋನಿಕ್ಸ್ ಆಟಗಳನ್ನು ಇದ್ದ ಹಾಗೇ ಕನ್ನಡಕ್ಕೆ ತಂದರೆ ಸಾಲದು. ಇಂಗ್ಲಿಷಿನಲ್ಲಿ ಅಕ್ಷರ 26, ದನಿ ಸುಮಾರು 44. ಅಲ್ಲಿನ ತೊಡಕು ಒಂದೇ ಅಕ್ಷರ ಹಲವು ದನಿ ಹೊರಡಿಸುವುದು. ಕನ್ನಡದಲ್ಲಿ ಆ ಕಾಟ ಕಡಿಮೆ. ಇಲ್ಲಿ ರೂಪಗಳೇ ಬಹಳ: 34 ವ್ಯಂಜನಕ್ಕೆ 15ರಂತೆ ಕಾಗುಣಿತವೇ 510 ಆಗುತ್ತದೆ, ಒತ್ತಕ್ಷರ ಬೇರೆ. ಕನ್ನಡ ಓದುವ ಮಕ್ಕಳನ್ನು ಕುರಿತು ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದು ಇದನ್ನೇ: ಅಕ್ಷರಗಳ ಪೂರ್ತಿ ಪರಿಚಯ ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ, ನಾಲ್ಕನೇ ತರಗತಿಯವರೆಗೂ ಎಳೆಯುತ್ತದೆ; ‘ಕಿ’ಯೊಳಗೆ ಕ್ ಮತ್ತು ಇ ಎಂಬ ಎರಡು ದನಿಗಳಿವೆ ಎಂಬ ಅರಿವು ಇನ್ನೂ ನಿಧಾನ. ಇಡೀ ಅಕ್ಷರವನ್ನು ಕಿವಿಯಿಂದ ಹಿಡಿಯುವುದರಲ್ಲಿ ಮಾತ್ರ ನಮ್ಮ ಮಕ್ಕಳು ಮೊದಲೇ ಪಳಗಿರುತ್ತಾರೆ. ಅಂತ್ಯಾಕ್ಷರಿ ಅದೇ ಆಟ. ದೊಡ್ಡವರಿಗೆ ತಿಳಿಯದಿರಲೆಂದು ಮಕ್ಕಳು ಆಡುವ ‘ಕ’ ಭಾಷೆಯೂ ಅದೇ: ‘ನಾನು’ ಅನ್ನಲು ‘ಕನಾಕನು’ ಅನ್ನುವ ಮಗು ಪದವನ್ನು ಅಕ್ಷರ ಅಕ್ಷರವಾಗಿ ಒಡೆದೇ ಮಾತಾಡುತ್ತದೆ, ಕಲಿಸಿದವರು ಯಾರೂ ಇಲ್ಲ. ಅಂದರೆ ಅಕ್ಷರದ ಮಟ್ಟದ ಆಟಕ್ಕೆ ನೆಲ ಹದವಾಗಿಯೇ ಇದೆ. ಅಕ್ಷರದೊಳಗಿನ ಸ್ವರ ಬದಲಾದರೆ ಪದವೇ ಬದಲಾಗುತ್ತದೆ ಎಂಬ ಅರಿವು ಆಟದಿಂದ ಬರಬೇಕು.

ಅದಕ್ಕೊಂದು ಆಟ ಹೀಗಿರಬಹುದು. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಕತ್ತರಿಸಿದ ಕಾರ್ಡುಗಳನ್ನು ನೆಲದ ಮೇಲೆ ಹರಡಿ, ನಡುವೆ ‘ಮರ’ ಇಡುವುದು. ಸರದಿ ಬಂದವರು ಒಂದೇ ಒಂದು ಬದಲಾವಣೆ ಮಾಡಿ ಹೊಸ ಪದ ಮಾಡಬೇಕು, ಜೋರಾಗಿ ಓದಬೇಕು. ರಕಾರಕ್ಕೆ ಗುಡಿಸು ಕೊಟ್ಟರೆ ‘ಮರಿ’. ಮಕಾರಕ್ಕೆ ಇಳಿ ಕೊಟ್ಟರೆ ‘ಮಾರಿ’. ಈ ಭಾಗದಲ್ಲಿ ಮಾರಿ ಎಂದರೆ ಮುಖ, ಮಕ್ಕಳು ತಮ್ಮ ಮಾರಿ ಮುಟ್ಟಿ ತೋರಿಸಲಿ. ಅಲ್ಲಿಂದ ‘ಮಾರು’, ‘ಮೂರು’, ಮಕಾರದ ಜಾಗಕ್ಕೆ ನಕಾರ ಬಂದರೆ ‘ನೂರು’. ಯಾರಾದರೂ ‘ಮೀರು’ ಮಾಡಿದರೆ ಅದು ಪದ ಹೌದೋ ಅಲ್ಲವೋ ಎಂದು ವಾದ ಹುಟ್ಟುತ್ತದೆ, ಹುಟ್ಟಬೇಕು. ಈ ಆಟದಲ್ಲಿ ಚಿತ್ರವಿಲ್ಲ, ಅದು ಬೇಕೆಂದೇ ಬಿಟ್ಟದ್ದು. ಗರಗಸದ ಚಿತ್ರವಿರುವ ಕಾರ್ಡು ನೋಡಿ ‘ಗರಗಸ’ ಎಂದ ಮಗು ಓದಿತೋ ಚಿತ್ರ ಗುರುತಿಸಿತೋ ಹೇಳಲಾಗದು. ಅಕ್ಷರದ ಮೇಲೆ ಕಣ್ಣಿಡದೆಯೇ ಗೆಲ್ಲಬಹುದಾದ ಆಟ ಎಷ್ಟೇ ಖುಷಿ ಕೊಟ್ಟರೂ ಅದನ್ನು ಓದಿನ ಲೆಕ್ಕಕ್ಕೆ ಹಿಡಿಯಲಾಗದು. ಬಣ್ಣಬಣ್ಣದ ಕಲಿಕಾ ಸಾಮಗ್ರಿ ಖರೀದಿಸುವವರು ಇದೊಂದು ಪರೀಕ್ಷೆ ಮಾಡಿದರೆ ಅರ್ಧದಷ್ಟು ಡಬ್ಬಿಗಳು ಅಂಗಡಿಯಲ್ಲೇ ಉಳಿದಾವು.

ಒತ್ತಕ್ಷರದ ತೊಡಕು ಇನ್ನೂ ಆಳದ್ದು. ‘ರಸ್ತೆ’ ಎಂಬ ಪದವನ್ನು ಮಗುವಿನ ಕಣ್ಣಿಂದ ನೋಡಿ. ಏತ್ವ ಕೂತಿರುವುದು ಸಕಾರದ ತಲೆಯ ಮೇಲೆ, ತಕಾರ ಇರುವುದು ಕೆಳಗೆ. ಕಂಡದ್ದನ್ನು ಕಂಡ ಹಾಗೇ ಓದಿದರೆ ‘ರಸೆತ’ ಆಗಬೇಕು. ತಲೆಯ ಮೇಲಿನ ಸ್ವರ ಕೆಳಗಿನ ವ್ಯಂಜನ ಮುಗಿದ ಮೇಲೆ ಕೇಳಿಸುತ್ತದೆ ಎಂದು ಮಗುವಿಗೆ ಹೊಳೆಯಬೇಕು. ‘ವರ್ಷ’, ‘ಕರ್ನಾಟಕ’ಗಳ ಅರ್ಕಾವತ್ತು ಇದಕ್ಕೂ ತಿರುಗುಮುರುಗು: ಮೊದಲು ಉಚ್ಚರಿಸುವ ರಕಾರವನ್ನು ಕೊನೆಗೆ ಬರೆಯುತ್ತೇವೆ. ಮಗು ತನ್ನ ರಾಜ್ಯದ ಹೆಸರಿನಲ್ಲೇ ಎಡವುವುದು ಅದರ ದಡ್ಡತನವಲ್ಲ. ಇಲ್ಲಿ ಕತೆ-ಕತ್ತೆ, ಹಳಿ-ಹಳ್ಳಿಯಂಥ ಜೋಡಿಗಳನ್ನು ಕೂಗಿ ಹೇಳಿ, ಒತ್ತು ಕೇಳಿದವರು ಕುಂಟಾಟದ ಮನೆ ಬದಲಿಸುವಂಥ ಆಟ ಕಿವಿಗೆ ಆಗುತ್ತದೆ. ‘ರಸ್ತೆ’ಯಂಥ ಪದದ ಸ, ತ, ಏತ್ವಗಳನ್ನು ಬಿಡಿಬಿಡಿಯಾಗಿ ಕೊಟ್ಟು ಮಕ್ಕಳೇ ಜೋಡಿಸುವಂತೆ ಮಾಡುವುದು ಕಣ್ಣಿಗೆ. ನಲಿ-ಕಲಿ ಏಣಿಯಲ್ಲಿ ಗುಣಿತಕ್ಕೂ ಒತ್ತಕ್ಷರಕ್ಕೂ ಮೆಟ್ಟಿಲುಗಳಿವೆ, ಇಲ್ಲವೆನ್ನುವಂತಿಲ್ಲ. ಆದರೆ ಏಣಿ ಮೂರನೇ ತರಗತಿಗೆ ಮುಗಿಯುತ್ತದೆ, ಅಕ್ಷರಗಳ ಗೊಂದಲ ಅಲ್ಲಿಗೆ ಮುಗಿಯುವುದಿಲ್ಲ.

‘ನಾವೆಲ್ಲ ಕ ಕಾ ಕಿ ಕೀ ಬಾಯಿಪಾಠ ಮಾಡಿ, ಪಾಟಿಯ ಮೇಲೆ ತಿದ್ದಿಯೇ ಕಲಿತವರು, ಯಾವ ಆಟವಿತ್ತು’ ಎನ್ನುವ ಹಿರಿಯರಿದ್ದಾರೆ. ಕಲಿತವರು ಹೇಳುವ ಮಾತದು. ಅದೇ ಪಾಟಿ ಹಿಡಿದು ಎರಡನೇ ಇಯತ್ತೆಗೇ ಸಾಲಿ ಬಿಟ್ಟವರ ಸಾಕ್ಷಿ ಅದರಲ್ಲಿ ಸೇರಿಲ್ಲ. ಬಾಯಿಪಾಠ ವ್ಯರ್ಥವೆಂದು ನಾನೂ ಹೇಳಲಾರೆ, ಕಾಗುಣಿತದ ರಾಗ ಒಂದು ಗಟ್ಟಿ ಆಸರೆ. ಆದರೆ ಬರೀ ರಾಗ ಕಲಿತ ಮಗುವಿಗೆ ‘ಕೂ’ ತೋರಿಸಿದರೆ ಅದು ‘ಕ’ದಿಂದ ಶುರುಮಾಡಿ ಬೆರಳೆಣಿಸುತ್ತ ಅಲ್ಲಿಗೆ ಬರುತ್ತದೆ. ಓದುವಾಗ ಅಷ್ಟು ಪುರುಸೊತ್ತಿಲ್ಲ. ಸಾಲನ್ನು ಕಲಸಿ ಕೇಳುವ ಆಟವೊಂದನ್ನು ಅದೇ ರಾಗಕ್ಕೆ ಸೇರಿಸಿದರೆ ಸಾಕು.

ಬರವಣಿಗೆಗೆ ಬಂದಾಗ ಈ ಸೀಮೆಯ ಮಾತೇ ಒಂದು ಪ್ರಶ್ನೆ ಎತ್ತುತ್ತದೆ. ಮಗುವಿನ ಬಾಯಲ್ಲಿ ಮನಿ, ಎಮ್ಮಿ, ಬ್ಯಾಳಿ, ಜ್ವಾಳ. ಪುಸ್ತಕದಲ್ಲಿ ಮನೆ, ಎಮ್ಮೆ, ಬೇಳೆ, ಜೋಳ. ‘ಕೇಳಿದಂತೆ ಬರೆ’ ಎಂದು ಕಲಿಸಿದ ಗುರುಗಳೇ ‘ಮನಿ’ ಎಂದು ಬರೆದದ್ದಕ್ಕೆ ಕೆಂಪು ಗೆರೆ ಹೊಡೆದರೆ ಮಗು ಯಾವ ಪಾಠವನ್ನು ನಂಬಬೇಕು? ‘ಮನಿ’ ಬರೆದ ಮಗುವಿಗೆ ದನಿ-ಅಕ್ಷರಗಳ ನಂಟು ಸರಿಯಾಗಿಯೇ ದಕ್ಕಿದೆ. ಗುಡಿಸಿನ ಜಾಗದಲ್ಲಿ ಗುಡಿಸನ್ನೇ ಇಟ್ಟಿದೆ. ಹಾಗೆ ಬಿಟ್ಟರೆ ಶುದ್ಧ ಬರಹ ಬರುವುದೇ ಇಲ್ಲ ಎಂಬ ಭಯ ಸುಳ್ಳಲ್ಲವಾದರೂ ಅದಕ್ಕೆ ಮದ್ದು ಸುಲಭ. ‘ಅನ್ನೂದು ಮನಿ, ಬರಿಯೂದು ಮನೆ’ ಎಂದು ಎರಡನ್ನೂ ಜೋಡಿ ಕಾರ್ಡಾಗಿ ಆಡಿಸಬಹುದು. ಇಂಥ ಜೋಡಿಗಳು ಬಹಳವಾದರೂ ಅವುಗಳ ಹಿಂದಿನ ನಿಯಮಗಳು ಕೆಲವೇ. ತಾಂಡಾದಿಂದ ಬರುವ ಲಂಬಾಣಿ ಮಕ್ಕಳಿಗೆ, ಮನೆಯಲ್ಲಿ ಉರ್ದು, ಮರಾಠಿ ಆಡುವವರಿಗೆ ದೂರ ಇನ್ನೂ ಹೆಚ್ಚು. ಅವರಿಗೆ ಅಕ್ಷರಕ್ಕಿಂತ ಮೊದಲು ಮಾತಿನ ಆಟ, ಒಡಪು, ಕತೆ ಬೇಕು. ಗೊತ್ತಿಲ್ಲದ ಪದವನ್ನು ಅಕ್ಷರ ಕೂಡಿಸಿ ಓದಿದರೂ ಅದು ಓದಾಗದು.

ಕೊನೆಯ ಆಕ್ಷೇಪ ಗುರುಗಳದ್ದು, ಎಲ್ಲಕ್ಕಿಂತ ನ್ಯಾಯವಾದದ್ದೂ ಹೌದು. ಒಂದೇ ಕೋಣೆಯಲ್ಲಿ ಮೂರು ತರಗತಿ, ತುಂಬಬೇಕಾದ ದಾಖಲೆಗಳ ರಾಶಿ, ಇದರ ನಡುವೆ ಕಾರ್ಡು ಕತ್ತರಿಸುತ್ತ ಕೂರುವವರು ಯಾರು? ಕೇಂದ್ರ ಸರ್ಕಾರದ ‘ನಿಪುಣ್ ಭಾರತ್’ ಯೋಜನೆ 2021ರಲ್ಲಿ ಹಾಕಿಕೊಂಡ ಗುರಿ, ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ 2026-27ರೊಳಗೆ ಓದು-ಬರಹ ಬರಬೇಕೆಂದು. ಆದರೆ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲ ಮೂರನೇ ತರಗತಿಯ ಮಕ್ಕಳು 2018ರಲ್ಲಿ ಶೇ. 27.3 ಇದ್ದವರು ಕೋವಿಡ್ ದಾಟಿದ 2022ರಲ್ಲಿ ಶೇ. 20.5ಕ್ಕೆ ಇಳಿದಿದ್ದರು. ಈ ಅಂತರ ತುಂಬುವ ಹೊರೆಯನ್ನು ಗುರುಗಳ ಬಿಡುವಿನ ವೇಳೆಯ ಮೇಲೆ ಹೊರಿಸುವುದು ತರವಲ್ಲ. ಗುಣಿತ ಮತ್ತು ಒತ್ತಕ್ಷರದ ಬಿಡಿ ಕಾರ್ಡುಗಳನ್ನು ಇಲಾಖೆಯೇ ಗಟ್ಟಿ ರಟ್ಟಿನಲ್ಲಿ ಅಚ್ಚುಹಾಕಿಸಿ ನಾಲ್ಕನೇ ತರಗತಿಯವರೆಗೂ ಕೊಡಬೇಕು, ಪದಗಳ ಆಯ್ಕೆಯನ್ನು ಆಯಾ ಜಿಲ್ಲೆಯ ಗುರುಗಳಿಗೆ ಬಿಡಬೇಕು. ಕಲಬುರಗಿಯ ಮಾತು, ಕರಾವಳಿಯ ಮಾತು, ವಿಜಯಪುರದ ಮಾತು ಒಂದೇ ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ.